ಕಥೆಯೊಳಗಿನ ಮಗು: ಆಟಕ್ಕುಂಟು, ಲೆಕ್ಕಕ್ಕಿಲ್ಲ?

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಯ ಪ್ರಕಟಣೆ ಬಂದಾಗಲೆಲ್ಲ ಮೊದಲ ಸಲ ಕಥೆ ಬರೆಯೋಕೆ ಕೂರುವವರು ಇದ್ದೇ ಇರುತ್ತಾರೆ. ಸಂಸಾರದ ಕಥೆ ಅಂದಮೇಲೆ ಅದರಲ್ಲಿ ಒಂದು ಮಗು ಬಂದೇ ಬರುತ್ತದೆ. ಗಂಡ ಹೆಂಡತಿ ಜಗಳ ಬರೆದಾಯ್ತು, ಅತ್ತೆಯ ಕಾಯಿಲೆ ಬರೆದಾಯ್ತು, ಸಾಲ ಕೊಟ್ಟವನು ಬಾಗಿಲು ತಟ್ಟಿದ್ದೂ ಆಯ್ತು. ಪರಿಚಯದವರಿಗೆ ಓದೋಕೆ ಕೊಟ್ಟರೆ, “ಎಲ್ಲ ಚೆನ್ನಾಗಿದೆ, ಆದ್ರೆ ಆ ಹುಡುಗಿ ಆರು ವರ್ಷದವಳ ಥರ ಇಲ್ಲ” ಅನ್ನುತ್ತಾರೆ. ಏನು ತಪ್ಪಿದೆ ಅಂತ ಕೇಳಿದರೆ ಅವರಿಗೂ ಬಿಡಿಸಿ ಹೇಳೋಕೆ ಬರೋದಿಲ್ಲ.

ಆದರೆ ಬಿಡಿಸಿ ಹೇಳಬಹುದು. ಮಕ್ಕಳು ಹೇಗೆ ಯೋಚಿಸುತ್ತಾರೆ, ಯಾವ ವಯಸ್ಸಿಗೆ ಏನು ಅರ್ಥವಾಗುತ್ತದೆ ಅನ್ನೋದನ್ನು ಮನೋವಿಜ್ಞಾನಿಗಳು ಬಹಳ ವರ್ಷಗಳಿಂದ ಪರೀಕ್ಷೆ ಮಾಡಿ ನೋಡಿದ್ದಾರೆ. ಒಳ್ಳೆ ಕಥೆಗಾರರು ಅದರಲ್ಲಿ ಸುಮಾರನ್ನು ತಾವಾಗಿಯೇ ಕಂಡುಕೊಂಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

## ಮಕ್ಕಳ ಸಾಹಿತ್ಯ ಬೇರೆ, ಇದು ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಮಕ್ಕಳ ಸಾಹಿತ್ಯದಲ್ಲಿ ಓದುವವರೂ ಮಕ್ಕಳೇ. ಅಲ್ಲಿ ಪುಟ್ಟ ನಾಯಕನಿಗೆ ತಿಳಿದಷ್ಟೇ ಓದುವ ಪುಟ್ಟನಿಗೂ ತಿಳಿದಿರುತ್ತದೆ. ಇಬ್ಬರೂ ಕೈ ಹಿಡಿದುಕೊಂಡು ಹೋಗುತ್ತಾರೆ.

ದೊಡ್ಡವರ ಕಥೆಯಲ್ಲಿ ಹಾಗಲ್ಲ. ಇಲ್ಲಿ ಓದುವವರಿಗೆ ಮಗುವಿಗಿಂತ ಜಾಸ್ತಿ ಗೊತ್ತು. ಅಪ್ಪ ರಾತ್ರಿ ಹೊತ್ತು ಫೋನ್ ಹಿಡಿದುಕೊಂಡು ಮಹಡಿಗೆ ಹೋಗುತ್ತಾನೆ ಅಂತ ಮಗು ಹೇಳುತ್ತದೆ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ, ಓದುವವರಿಗೆ ಗೊತ್ತಾಗುತ್ತದೆ. ಮಗು ಕಂಡದ್ದಕ್ಕೂ ಓದುಗ ತಿಳಿದದ್ದಕ್ಕೂ ನಡುವೆ ಇರುವ ಈ ಅಂತರವೇ ಇಲ್ಲಿನ ಬಂಡವಾಳ. ಅಂತರ ಮುಚ್ಚಿಹೋದರೆ, ಅಂದರೆ ಮಗುವೇ ಎಲ್ಲ ಅರ್ಥಮಾಡಿಕೊಂಡು ಹೇಳಿಬಿಟ್ಟರೆ, ಆ ಪಾತ್ರಕ್ಕೆ ಕೆಲಸವೇ ಇರೋದಿಲ್ಲ.

## ಸುಳ್ಳೆನಿಸೋದು ಎಲ್ಲಿ

ಬೀದಿ ಆಟದಲ್ಲಿ ತೀರಾ ಚಿಕ್ಕ ಮಗುವನ್ನು ಸೇರಿಸಿಕೊಳ್ಳುವಾಗ ದೊಡ್ಡ ಹುಡುಗರು “ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ” ಅನ್ನುತ್ತಾರಲ್ಲ, ನಮ್ಮ ಎಷ್ಟೋ ಕಥೆಗಳಲ್ಲಿ ಮಗುವಿನ ಸ್ಥಿತಿ ಅದೇ. ಓಡಾಡಿಕೊಂಡಿರುತ್ತದೆ, ಔಟ್ ಆಗೋದೂ ಇಲ್ಲ, ಗೆಲ್ಲೋದೂ ಇಲ್ಲ. ದೊಡ್ಡವರಿಗೆ ಬೇಕಾದಾಗ ಬಾಗಿಲ ಸಂದಿಯಲ್ಲಿ ನಿಂತು ಅಳುತ್ತದೆ. ಬೇಡವಾದಾಗ ನಿದ್ದೆ ಹೋಗಿರುತ್ತದೆ.

ಇನ್ನೊಂದು ಬಗೆ, ಜ್ಞಾನಿ ಮಗು. ಐದು ವರ್ಷಕ್ಕೇ ಬದುಕಿನ ಸತ್ಯ ಹೇಳಿ ದೊಡ್ಡವರ ಕಣ್ಣು ತೆರೆಸುತ್ತದೆ. ಕಥೆಗಾರನಿಗೆ ತಾನೇ ಹೇಳೋಕೆ ಮುಜುಗರವಾದ ಮಾತನ್ನು ಮಗುವಿನ ಬಾಯಿಗೆ ತುರುಕಿರುತ್ತಾನೆ, ಅಷ್ಟೇ. ಇನ್ನು ಮುದ್ದು ಮಗುವಂತೂ ಇದ್ದೇ ಇದೆ. ಇದು ಬರೀ ತೊದಲುತ್ತದೆ, ಬರೀ ನಗುತ್ತದೆ. ಇದಕ್ಕೆ ಹೊಟ್ಟೆಕಿಚ್ಚು ಇಲ್ಲ, ಜಿಪುಣತನ ಇಲ್ಲ, ಸಣ್ಣ ಕ್ರೌರ್ಯವೂ ಇಲ್ಲ. ತಮ್ಮ ಹುಟ್ಟಿದ ಮೇಲೆ ಅವನ ಕಾಲು ಚಿವುಟಿ, ಅವನು ಅತ್ತಾಗ “ನಾನಲ್ಲ” ಅಂದ ಅಕ್ಕಂದಿರನ್ನು ನಾವೆಲ್ಲ ಕಂಡಿದ್ದೇವೆ. ಆ ಅಕ್ಕ ಕಥೆಗೆ ಬರೋದು ಕಮ್ಮಿ.

ಈ ಮೂರೂ ಬಗೆಯಲ್ಲಿ ಕಾಣೆಯಾಗಿರೋದು ಒಂದೇ: ಮಗುವಿಗೆ ತನ್ನದೇ ಆದ ಒಂದು ಬೇಡಿಕೆ. ಯಾವ ಮಗುವೂ ದೊಡ್ಡವರ ಕಥೆಯೊಳಗೆ ನಾನಿದ್ದೇನೆ ಅಂತ ಬದುಕೋದಿಲ್ಲ. ಅದಕ್ಕೆ ಅದರದ್ದೇ ಕೆಲಸ ಇರುತ್ತದೆ. ಕಳೆದುಹೋದ ಗೋಲಿ, ನಾಳೆ ಕಲರ್ ಡ್ರೆಸ್ ಹಾಕಿಕೊಂಡು ಚಾಕಲೇಟ್ ಹಂಚಬೇಕಾದ ಹುಟ್ಟುಹಬ್ಬ, ಪಕ್ಕದ ಬೆಂಚಿನವಳು ಠೂ ಬಿಟ್ಟಿರೋದು. ಮನೆ ಮುರಿಯುತ್ತಿದ್ದರೂ ಆ ಕೆಲಸ ನಿಲ್ಲೋದಿಲ್ಲ.

## ತರ್ಕ ಸರಿ ಇದೆ, ಮಾಹಿತಿ ಕಮ್ಮಿ

ಮಕ್ಕಳಿಗೆ ಬುದ್ಧಿ ಕಮ್ಮಿ ಅಂದುಕೊಂಡು ಬರೆದರೆ ಪಾತ್ರ ಪೆದ್ದಾಗುತ್ತದೆ. ನಿಜವಾಗಿ ಮಕ್ಕಳು ಚೆನ್ನಾಗಿಯೇ ಯೋಚಿಸುತ್ತಾರೆ. ತಮಗೆ ಗೊತ್ತಿರೋ ನಾಲ್ಕು ಸಂಗತಿಗಳಿಂದ ಐದನೆಯದನ್ನು ಊಹಿಸುತ್ತಾರೆ. ಆ ನಾಲ್ಕರಲ್ಲಿ ಒಂದು ತಪ್ಪಿರುತ್ತದೆ, ಇಲ್ಲವೇ ಮುಖ್ಯವಾದ ಒಂದು ಅವರಿಗೆ ತಲುಪಿರೋದೇ ಇಲ್ಲ. ಹಾಗಾಗಿ ಉತ್ತರ ವಿಚಿತ್ರವಾಗಿ ಬರುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆಯ ಲೋಟದ ಪರೀಕ್ಷೆ. ಒಂದೇ ಥರದ ಎರಡು ಲೋಟದಲ್ಲಿ ಸಮಸಮ ನೀರು. ಮಗುವೇ ನೋಡಿ ಸಮ ಅನ್ನುತ್ತದೆ. ಅದರ ಕಣ್ಣೆದುರೇ ಒಂದರ ನೀರನ್ನು ಉದ್ದನೆಯ ಸಣ್ಣ ಲೋಟಕ್ಕೆ ಸುರಿಯುತ್ತಾರೆ. ಈಗ ಯಾವುದರಲ್ಲಿ ಜಾಸ್ತಿ? ಆರೇಳು ವರ್ಷದ ಒಳಗಿನ ಮಕ್ಕಳು ಸಾಮಾನ್ಯವಾಗಿ ಉದ್ದನೆಯ ಲೋಟ ತೋರಿಸುತ್ತಾರೆ. ಎತ್ತರ ಜಾಸ್ತಿ ಇದ್ದರೆ ನೀರೂ ಜಾಸ್ತಿ, ಅಲ್ವಾ? ಅವರ ಮಟ್ಟಿಗೆ ಲೆಕ್ಕ ಸರಿಯಾಗಿದೆ. ಪ್ರಶ್ನೆ ಕೇಳುವ ರೀತಿ ಬದಲಿಸಿದರೆ ಇನ್ನೂ ಚಿಕ್ಕ ಮಕ್ಕಳೂ ಸರಿ ಉತ್ತರ ಕೊಡುತ್ತಾರೆ ಅಂತ ಮುಂದೆ ಬಂದ ಸಂಶೋಧಕರು ತೋರಿಸಿದರು. ಅಂದರೆ ಈ ವಯಸ್ಸಿನ ಗೆರೆಗಳು ಕಲ್ಲಿನಲ್ಲಿ ಕೊರೆದಂಥವಲ್ಲ. ಆದರೂ ಕಥೆಗಾರನಿಗೆ ಇದರಲ್ಲಿ ಸಿಗೋದು ದೊಡ್ಡದು. ಅಣ್ಣನಿಗೆ ಉದ್ದ ಲೋಟದಲ್ಲಿ, ತನಗೆ ಗಿಡ್ಡ ಲೋಟದಲ್ಲಿ ಹಾಲು ಕೊಟ್ಟರು ಅಂತ ನಾಲ್ಕು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಿದರೆ ಅದನ್ನು ಹಠ ಅಂತ ಬರೆಯಬೇಡಿ. ಅದರ ಕಣ್ಣಲ್ಲಿ ಅದು ಅನ್ಯಾಯ. ಕಣ್ಣಾರೆ ಕಂಡ ಅನ್ಯಾಯ.

ಇನ್ನೊಂದು ಪರೀಕ್ಷೆ 1985ರದ್ದು, ಇಂಗ್ಲೆಂಡಿನಲ್ಲಿ ನಡೆದದ್ದು. ಎರಡು ಗೊಂಬೆಗಳು, ಸ್ಯಾಲಿ ಮತ್ತು ಆನ್. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳಿಲ್ಲದಾಗ ಆನ್ ಅದನ್ನು ತೆಗೆದು ಡಬ್ಬಿಗೆ ಹಾಕುತ್ತಾಳೆ. ಸ್ಯಾಲಿ ವಾಪಸ್ ಬಂದು ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ನಾವು ಬುಟ್ಟಿ ಅನ್ನುತ್ತೇವೆ. ಇಂಥ ಪ್ರಶ್ನೆಗೆ ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಡಬ್ಬಿ ಅನ್ನುತ್ತಾರೆ. ಗೋಲಿ ಇರೋದು ಅಲ್ಲೇ ತಾನೆ! ತನಗೆ ಗೊತ್ತಿರೋದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದು ಅನ್ನೋ ತಿಳಿವಳಿಕೆ ಗಟ್ಟಿಯಾಗೋದು ನಾಲ್ಕೈದು ವರ್ಷಕ್ಕೆ. ಕಣ್ಣಾಮುಚ್ಚಾಲೆಯಲ್ಲಿ ತನ್ನ ಕಣ್ಣು ಮುಚ್ಚಿಕೊಂಡು “ನಾನು ಕಾಣಲ್ಲ” ಅನ್ನುವ ಪುಟಾಣಿ ಆ ತಿಳಿವಳಿಕೆ ಇನ್ನೂ ಗಟ್ಟಿಯಾಗದ ವಯಸ್ಸಿನದು.

ಸುಳ್ಳು ಹೇಳೋದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಸಂಶೋಧಕರು ಮಗುವಿನ ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ಹೊರಗೆ ಹೋಗುತ್ತಾರೆ. ಹೆಚ್ಚಿನ ಮಕ್ಕಳು ನೋಡೇ ನೋಡುತ್ತಾರೆ. “ನೋಡಿದ್ಯಾ?” ಅಂದರೆ “ಇಲ್ಲ” ಅನ್ನುವವರೂ ಬಹಳ. “ಹಾಗಾದ್ರೆ ಏನಿರಬಹುದು, ಊಹಿಸು” ಅಂದಾಗ ಚಿಕ್ಕವರು ಥಟ್ಟನೆ ಆಟಿಕೆಯ ಹೆಸರು ಹೇಳಿ ಸಿಕ್ಕಿಬೀಳುತ್ತಾರೆ. ಸ್ವಲ್ಪ ದೊಡ್ಡವರು ಬೇಕಂತಲೇ ತಪ್ಪು ಹೇಳೋದನ್ನು ಕಲಿತಿರುತ್ತಾರೆ. ಈಗ ನಿಮ್ಮ ಕಥೆಯಲ್ಲಿ ಮೂರು ವರ್ಷದ ಮಗು ಮನೆಯ ಗುಟ್ಟೊಂದನ್ನು ವಾರಗಟ್ಟಲೆ ಮುಚ್ಚಿಟ್ಟಿದ್ದರೆ ಓದುಗ ನಂಬೋದಿಲ್ಲ. ಎಂಟು ವರ್ಷದವಳು ಮುಚ್ಚಿಟ್ಟರೆ ನಂಬುತ್ತಾನೆ, ಅವಳಿಗೆ ಬೇಕಾದ ಕಾರಣವೂ ಇದ್ದರೆ.

ತನ್ನ ಮನಸ್ಸಲ್ಲಿ ಬಂದದ್ದರಿಂದಲೇ ಹೊರಗೆ ಏನೋ ಆಯಿತು ಅಂತ ನಂಬೋದೂ ಚಿಕ್ಕ ಮಕ್ಕಳ ಗುಣ. ಸಿಟ್ಟಿನಲ್ಲಿ ತಮ್ಮನಿಗೆ “ಸಾಯಿ” ಅಂದಿರುತ್ತದೆ. ವಾರ ಕಳೆದು ಅವನಿಗೆ ಜ್ವರ ಬಂದರೆ ತಾನೇ ಕಾರಣ ಅಂತ ಹೆದರುತ್ತದೆ, ಯಾರಿಗೂ ಹೇಳೋದಿಲ್ಲ. ಒಂದು ಕಾದಂಬರಿಗೆ ಸಾಕಾಗುವಷ್ಟು ಸಾಮಾನು ಇದರಲ್ಲಿದೆ.

## ಎರಡು ಕರಡು, ಒಂದೇ ಸನ್ನಿವೇಶ

ಈ ಮಾತುಗಳು ಕಾಗದದ ಮೇಲೆ ಹೇಗೆ ಕೆಲಸ ಮಾಡುತ್ತವೆ ನೋಡೋಣ. ಗಂಡನ ಮನೆ ಬಿಟ್ಟು ಹೊರಟ ಒಬ್ಬ ತಾಯಿ, ಆರು ವರ್ಷದ ಮಗಳು ಸಿರಿ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ಅಮ್ಮಾ, ನೀನು ಅಪ್ಪನನ್ನು ಬಿಟ್ಟು ಹೋಗುತ್ತಿದ್ದೀಯಾ? ನಿಮ್ಮಿಬ್ಬರ ಜಗಳದಲ್ಲಿ ನಾನು ಯಾರಿಗೂ ಬೇಡವಾದೆನಾ?” ಎಂದಳು ಸಿರಿ. ಅವಳ ಮುಗ್ಧ ಕಣ್ಣುಗಳು ತುಂಬಿ ಬಂದವು.

ಇದನ್ನೇ ಹೀಗೂ ಬರೆಯಬಹುದು:

ಅಮ್ಮ ಮಂಚದ ಮೇಲೆ ಬ್ಯಾಗ್ ತೆರೆದಿಟ್ಟು ಸೀರೆ ಜೋಡಿಸುತ್ತಿದ್ದಳು.
“ಅಜ್ಜಿ ಮನೇಗಾ?”
“ಹೂಂ.”
“ಹಬ್ಬಾನಾ?”
“ಇಲ್ಲ.”
“ಮತ್ತೆ ರೇಷ್ಮೆ ಸೀರೆ ಎಲ್ಲಾ ಯಾಕೆ?”
ಅಮ್ಮ ಮಾತಾಡಲಿಲ್ಲ. ಸಿರಿ ಎದ್ದು ಹೋಗಿ ತನ್ನ ಬಿಳಿ ಶೂ ತಂದಳು. ಒಂದರೊಳಗೆ ಸಾಕ್ಸ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಎರಡನ್ನೂ ಸೀರೆಗಳ ಮೇಲಿಟ್ಟಳು.
“ಶೂ ಯಾಕೆ ಈಗ?”
“ಶನಿವಾರ ವೈಟ್ ಯೂನಿಫಾರ್ಮ್. ಇಲ್ಲಾಂದ್ರೆ ಪಿಟಿ ಮಿಸ್ ಆಚೆ ನಿಲ್ಲಿಸ್ತಾರೆ.”
“ಸೀರೆ ಕೊಳೆ ಆಗುತ್ತೆ, ತೆಗಿ.”
“ಆಗಲ್ಲ. ಚಾಕ್‌ಪೀಸ್ ಹಚ್ಚಿದೀನಿ.”

ಎರಡನೆಯದರಲ್ಲಿ ಸಿರಿಗೆ ಕಾಣಿಸಿದ್ದು ಕಡಿಮೆಯೇನಿಲ್ಲ. ಹಬ್ಬವಿಲ್ಲದೆ ರೇಷ್ಮೆ ಸೀರೆ ಹೊರಟಿರೋದನ್ನು ಅವಳೇ ಮೊದಲು ಎತ್ತಿದಳು. ಎಲ್ಲ ಸೀರೆ ಹೊರಟರೆ ವಾಪಸ್ ಬರೋದಿಲ್ಲ ಅನ್ನೋ ಲೆಕ್ಕ ಮಾತ್ರ ಅವಳಿಗೆ ಹತ್ತಲಿಲ್ಲ. ಅವಳ ಲೆಕ್ಕದಲ್ಲಿ ಎಲ್ಲಿಗೆ ಹೋದರೂ ಶನಿವಾರ ಬರುತ್ತದೆ, ಶನಿವಾರ ಬಂದರೆ ಶಾಲೆ ಇರುತ್ತದೆ. ಅಳು ಎಲ್ಲೂ ಇಲ್ಲ. “ಮುಗ್ಧ” ಅನ್ನೋ ಪದವೂ ಇಲ್ಲ. ಆ ಪದ ಬರೆಯಬೇಕು ಅನಿಸಿದಾಗಲೆಲ್ಲ ಅದರ ಬದಲು ಒಂದು ವಸ್ತು ಸಿಗುತ್ತದಾ ಅಂತ ನೋಡಬಹುದು. ಇಲ್ಲಿ ಶೂ ಸಿಕ್ಕಿತು.

## ಬಾಯಿಗೆ ತಕ್ಕ ಮಾತು

ತೊದಲು ಮಾತು ಬರೆಯೋ ಆಸೆ ಎಲ್ಲರಿಗೂ ಇರುತ್ತದೆ. ರಕಾರಕ್ಕೆ ಲಕಾರ ಹಾಕಿ ಎರಡು ಪುಟ ತುಂಬಿಸಿದರೆ ಓದುವವರ ಕಣ್ಣು ಸುಸ್ತಾಗುತ್ತದೆ. ಒಂದೆರಡು ಕಡೆ ಸೂಚನೆ ಕೊಟ್ಟರೆ ಸಾಕು, ಉಳಿದದ್ದನ್ನು ಓದುಗ ತಾನೇ ಕೇಳಿಸಿಕೊಳ್ಳುತ್ತಾನೆ. ವಯಸ್ಸಿನ ಲೆಕ್ಕವೂ ಬೇಕು. “ಮಮ್ಮು”, “ತಾಚಿ”, “ಚೀಚಿ” ಎರಡು ಮೂರು ವರ್ಷದವರ ಮಾತು. ಆರು ವರ್ಷದವನಿಗೆ “ತಾಚಿ ಮಾಡೋಣ ಬಾ” ಅಂದರೆ “ನಾನೇನು ಪಾಪುನಾ?” ಅಂತ ಮುಖ ಊದಿಸುತ್ತಾನೆ.

ಉಚ್ಚಾರಣೆಗಿಂತ ವ್ಯಾಕರಣದಲ್ಲಿ ಆಗುವ ತಪ್ಪುಗಳು ಚೆಂದ. ಮಕ್ಕಳು ಕೇಳಿದ್ದನ್ನು ಸುಮ್ನೆ ಒಪ್ಪಿಸೋದಿಲ್ಲ, ಒಳಗೊಳಗೇ ನಿಯಮ ಕಟ್ಟಿಕೊಳ್ಳುತ್ತಾರೆ ಅಂತ ಅಮೆರಿಕದ ಜೀನ್ ಬರ್ಕೊ 1958ರಲ್ಲಿ ತೋರಿಸಿದರು. ಇಲ್ಲದ ಒಂದು ಪ್ರಾಣಿಗೆ ಇಲ್ಲದ ಒಂದು ಹೆಸರಿಟ್ಟು, ಅದರ ಚಿತ್ರ ತೋರಿಸಿ, ಇಂಥವು ಎರಡಿದ್ದರೆ ಏನನ್ನಬೇಕು ಅಂತ ಕೇಳಿದರು. ಎಂದೂ ಕೇಳಿರದ ಆ ಪದಕ್ಕೂ ಮಕ್ಕಳು ಸರಿಯಾದ ಬಹುವಚನ ಹಚ್ಚಿದರು. ಕನ್ನಡದ ಮಗುವೊಂದು “ಮಾಡಿದೆ”, “ಓಡಿದೆ” ಕೇಳಿಸಿಕೊಂಡು “ಕೊಡಿದೆ” ಅಂದರೆ ಅದೇ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಾಲದ ಪದಗಳೂ ಹೀಗೇ. ನಿನ್ನೆ ಅಂದರೆ ಆಗಿಹೋದದ್ದೆಲ್ಲ, ನಾಳೆ ಅಂದರೆ ಇನ್ನು ಬರೋದೆಲ್ಲ. ಹೋದ ವರ್ಷದ ಜಾತ್ರೆಯನ್ನು ಮೂರು ವರ್ಷದವಳು “ನಿನ್ನೆ” ಅಂದರೆ ಯಾರೂ ತಿದ್ದೋದು ಬೇಡ.

ಕನ್ನಡದಲ್ಲಿ ಇನ್ನೊಂದು ಅನುಕೂಲ ಇದೆ, ನೀನು ಮತ್ತು ನೀವು. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ನೀನು, ಅಪ್ಪನಿಗೆ ನೀವು. ಶಾಲೆಗೆ ಸೇರಿದ ಹೊಸದರಲ್ಲಿ ಹೆಡ್‌ಮಾಸ್ತರಿಗೆ “ನೀನು ಬಾ” ಅಂದುಬಿಡುವ ಮಗು ಎಲ್ಲರನ್ನೂ ನಗಿಸುತ್ತದೆ. ಆದರೆ ಇದೇ ಸಂಗತಿ ನೋವನ್ನೂ ತೋರಿಸಬಲ್ಲದು. ತಾಯಿ ಎರಡನೇ ಮದುವೆಯಾಗಿದ್ದಾಳೆ ಅಂದುಕೊಳ್ಳಿ. ಮನೆಗೆ ಬಂದ ಹೊಸಬರನ್ನು “ಅಪ್ಪ ಅನ್ನು” ಅಂತ ದೊಡ್ಡವರೆಲ್ಲ ಹೇಳಿಕೊಟ್ಟಿದ್ದಾರೆ. ಒಂಬತ್ತು ವರ್ಷದ ಹುಡುಗ ಎದುರಾಡೋದಿಲ್ಲ. ಅಪ್ಪ ಅನ್ನೋದೂ ಇಲ್ಲ, ಅಂಕಲ್ ಅನ್ನೋದೂ ಇಲ್ಲ. ಬಾಗಿಲಲ್ಲಿ ನಿಂತು “ಊಟಕ್ಕೆ ಬರ್ಬೇಕಂತೆ” ಅಂದು ಹೋಗುತ್ತಾನೆ. ಯಾರು ಬರಬೇಕು, ಯಾರು ಕರೆದರು, ಒಂದೂ ಇಲ್ಲ. ನಮ್ಮ ಕ್ರಿಯಾಪದ ಅಷ್ಟು ಜಾಗ ಮಾಡಿಕೊಡುತ್ತದೆ. ಮನಸ್ಸಿನ ತೊಳಲಾಟದ ಬಗ್ಗೆ ಅರ್ಧ ಪುಟ ಬರೆಯೋ ಕೆಲಸ ಆ ಎರಡು ಪದಕ್ಕೇ ಮುಗಿಯಿತು.

ಊರಿನ ಮಾತು ಬೇರೆ ಹೇಳಬೇಕಿಲ್ಲ. ಧಾರವಾಡದ ಕಡೆಯ ಮಗು ಪುಸ್ತಕದ ಕನ್ನಡ ಮಾತಾಡೋದಿಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗು “ಅವ್ನು ನಂಗೆ ಪುಶ್ ಮಾಡ್ದ” ಅನ್ನದೆ ಇರೋದಿಲ್ಲ. ಅಮೆರಿಕದಲ್ಲಿ ಬೆಳೆದ ಕನ್ನಡದ ಮಕ್ಕಳಲ್ಲಿ ಬಹಳ ಮಂದಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಕಥೆ ಅಲ್ಲೇ ಶುರು.

## ಸಾವಿನ ಮನೆಯಲ್ಲಿ

ಮಗುವಿನ ಪಾತ್ರ ಹೆಚ್ಚು ಎಡವೋದು ಸಾವಿನ ಸನ್ನಿವೇಶದಲ್ಲಿ. ಸಾವು ಅಂದರೇನು ಅಂತ ತಿಳಿಯೋಕೆ ಮುಖ್ಯವಾಗಿ ಮೂರು ಸಂಗತಿ ಗೊತ್ತಾಗಬೇಕು: ಸತ್ತವರು ವಾಪಸ್ ಬರೋದಿಲ್ಲ, ಸತ್ತ ದೇಹಕ್ಕೆ ಹಸಿವು ನೋವು ಉಸಿರು ಇಲ್ಲ, ಎಲ್ಲರೂ ಒಂದಲ್ಲ ಒಂದು ದಿನ ಸಾಯುತ್ತಾರೆ. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 1984ರ ಒಂದು ಪ್ರಬಂಧ, ಹೆಚ್ಚಿನ ಮಕ್ಕಳಿಗೆ ಈ ಮೂರೂ ತಿಳಿಯೋದು ಐದರಿಂದ ಏಳು ವರ್ಷದ ನಡುವೆ ಅಂತ ಹೇಳಿತು. ನನ್ನ ಕೇಳಿದರೆ ಮನೆಯ ಪರಿಸರವೂ ಲೆಕ್ಕಕ್ಕೆ ಬರಬೇಕು. ಹಿತ್ತಲಲ್ಲಿ ಕೋಳಿ ಕೊಯ್ಯೋದನ್ನು ನೋಡಿಕೊಂಡು ಬೆಳೆದ ಮಗುವೂ ಪೇಟೆಯ ಮೂರನೇ ಮಹಡಿಯ ಮಗುವೂ ಒಂದೇ ಥರ ಬೆಚ್ಚಿಬೀಳೋದಿಲ್ಲ.

ನಾವು ಮಕ್ಕಳಿಗೆ ಹೇಳೋದು ಬೇರೆ ಗೋಜಲು. “ತಾತ ದೇವರ ಹತ್ತಿರ ಹೋದ್ರು.” ಮಗು ಕೇಳುತ್ತದೆ, ಯಾವಾಗ ಬರ್ತಾರೆ? ಅದರ ಅನುಭವದಲ್ಲಿ ಹೋದವರೆಲ್ಲ ಬಂದಿದ್ದಾರೆ. ದುಃಖವೂ ಒಂದೇ ಸಮನೆ ಇರೋದಿಲ್ಲ. ಹತ್ತು ನಿಮಿಷ ಬಿಕ್ಕಿ ಅತ್ತು, ಹನ್ನೊಂದನೇ ನಿಮಿಷಕ್ಕೆ ನೆಂಟರ ಮಕ್ಕಳ ಜೊತೆ ಶಾಮಿಯಾನದ ಕಂಬ ಸುತ್ತುತ್ತದೆ. ಅದನ್ನು ನೋಡಿ ದೊಡ್ಡವರು “ಅದಕ್ಕೇನು ಗೊತ್ತಾಗುತ್ತೆ ಪಾಪ” ಅನ್ನುತ್ತಾರೆ. ಮಗು ರಾತ್ರಿ ಮತ್ತೆ ಅಳುತ್ತದೆ, ಆಗ ಯಾರೂ ಎದ್ದಿರೋದಿಲ್ಲ.

ಪಿಂಡ ಇಟ್ಟು ಕಾಗೆಗೆ ಕಾಯುವ ಹೊತ್ತನ್ನೇ ತೆಗೆದುಕೊಳ್ಳಿ. ಐದು ವರ್ಷದ ಹುಡುಗ. ಬೇಸಿಗೆಯಲ್ಲೆಲ್ಲ ತಾರಸಿಯ ಮೇಲೆ ಸಂಡಿಗೆ ಕಾಯೋದು ಅವನ ಕೆಲಸ. ಕೋಲು ಕೊಟ್ಟು ಕೂರಿಸಿದ್ದವರು ತಾತನೇ. ಕಾಗೆ ಬಂದರೆ “ಹುಶ್” ಅನ್ನಬೇಕು. ಇವತ್ತು ಎಲ್ಲರೂ ಕಾಗೆ ಬರಲಿ ಅಂತ ಕೈ ಮುಗಿದು ನಿಂತಿದ್ದಾರೆ. ಬಂತು. ಅವನು ಕೋಲು ಹಿಡಿದು ಓಡಿದ. ದೊಡ್ಡಪ್ಪನ ಕೈ ಬೆನ್ನ ಮೇಲೆ ಬಿತ್ತು. ಅವನು ಮಾಡಿದ್ದು ತಾತ ಹೇಳಿದ ಕೆಲಸ. ಈ ಜಾಗದಲ್ಲಿ ಕಥೆಗಾರ ಒಂದು ವಾಕ್ಯ ವಿವರಣೆ ಸೇರಿಸಿದರೂ ಕೆಡುತ್ತದೆ.

## ಯಾರ ಕಣ್ಣು, ಯಾರ ಬಾಯಿ

ಮಗುವಿನ ಕಣ್ಣಿಂದ ಕಥೆ ಹೇಳುವಾಗ ಎರಡು ಪ್ರಶ್ನೆ ಬೇರೆ ಬೇರೆ ಇಟ್ಟುಕೊಳ್ಳಬೇಕು. ನೋಡುತ್ತಿರುವುದು ಯಾರು? ಪದ ಕೊಡುತ್ತಿರುವುದು ಯಾರು?

ಎರಡೂ ಮಗುವೇ ಆದರೆ ಕಷ್ಟ ಜಾಸ್ತಿ. ಎಮ್ಮಾ ಡೊನಹ್ಯೂ ಅವರ 2010ರ ಕಾದಂಬರಿ ‘ರೂಮ್’ ಪೂರ್ತಿ ಐದು ವರ್ಷದ ಜ್ಯಾಕ್‌ನ ಮಾತಿನಲ್ಲೇ ಇದೆ. ಅವನು ಹುಟ್ಟಿ ಬೆಳೆದದ್ದು ಬೀಗ ಹಾಕಿದ ಒಂದು ಕೋಣೆಯಲ್ಲಿ. ಮಂಚ, ಕಪಾಟು, ನೆಲಹಾಸು ಎಲ್ಲ ಅವನಿಗೆ ಹೆಸರಿರುವ ಜೊತೆಗಾರರು. ಅವನಿಗೆ ಅದು ಸೆರೆಮನೆ ಅಂತ ಗೊತ್ತೇ ಇಲ್ಲ, ಅದೇ ಅವನ ಪ್ರಪಂಚ. ಓದುಗನಿಗೆ ಉಸಿರು ಕಟ್ಟೋದು ಅದಕ್ಕೇ.

ನೋಡಿದ್ದು ಮಗು, ಹೇಳುತ್ತಿರುವುದು ಅದೇ ಮಗು ದೊಡ್ಡದಾದ ಮೇಲೆ. ಇದು ಹೆಚ್ಚು ಬಳಕೆಯಲ್ಲಿರುವ ದಾರಿ. ಹಾರ್ಪರ್ ಲೀ ಅವರ 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಶುರುವಾಗುವಾಗ ಸ್ಕೌಟ್‌ಗೆ ಇನ್ನೂ ಆರು ತುಂಬಿಲ್ಲ, ಆದರೆ ನಿರೂಪಣೆಯ ಪದಗಳು ದೊಡ್ಡವಳಾದ ಸ್ಕೌಟ್‌ಳವು. ಪದಗಳ ಕಷ್ಟ ಇಲ್ಲಿ ಇಲ್ಲ. ಇಲ್ಲಿನ ಅಪಾಯ ಬೇರೆ: ದೊಡ್ಡವರಾದವರು ಪ್ರತಿ ಪುಟದಲ್ಲೂ ಬಂದು “ಆಗ ನನಗೆ ತಿಳಿದಿರಲಿಲ್ಲ” ಅಂತ ಹೇಳತೊಡಗುತ್ತಾರೆ. ನೆನಪಿನ ಮಿತಿಯೂ ಇದೆ. ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಒಂದೂವರೆ ವರ್ಷದಲ್ಲಿ ಕಂಡದ್ದನ್ನು ಬಣ್ಣ ಸಮೇತ ನೆನಪಿಸಿಕೊಳ್ಳುವ ನಾಯಕ ಮನೆಯವರು ಹೇಳಿದ್ದನ್ನು ಕೇಳಿ ಅದನ್ನೇ ನೆನಪು ಅಂದುಕೊಂಡಿರಬಹುದು. ಅದನ್ನು ಕಥೆ ತಿಳಿದೇ ಬಳಸಿಕೊಂಡರೆ ಇನ್ನೂ ಚೆನ್ನ.

ಮೂರನೆಯದು ನನಗೆ ಹೆಚ್ಚು ಇಷ್ಟ. ಕಥೆಗಾರನೇ ಹೇಳುತ್ತಾನೆ, ಆದರೆ ಮಗುವಿಗೆ ಕಾಣದ ಯಾವುದನ್ನೂ ತೋರಿಸೋದಿಲ್ಲ. ಹೆನ್ರಿ ಜೇಮ್ಸ್ 1897ರಲ್ಲೇ ವಿಚ್ಛೇದನವಾದ ಅಪ್ಪ ಅಮ್ಮನ ನಡುವೆ ಚೆಂಡಿನಂತೆ ಓಡಾಡುವ ಮೇಯ್ಸಿ ಅನ್ನೋ ಹುಡುಗಿಯ ಬಗ್ಗೆ ಹೀಗೆ ಬರೆದ. ಮಕ್ಕಳಿಗೆ ಕಾಣಿಸೋದು ಬಹಳ, ಅದನ್ನು ಹೇಳೋ ಪದಗಳು ಮಾತ್ರ ಅವರ ಹತ್ತಿರ ಕಮ್ಮಿ ಅಂತ ಅದರ ಮುನ್ನುಡಿಯಲ್ಲಿ ವಿವರಿಸಿದ. ಹಾಗಾಗಿ ಪದ ತನ್ನದು, ನೋಟ ಅವಳದು.

ಕನ್ನಡದಲ್ಲಿ ಮಗುವಿನ ಕಣ್ಣಿಂದ ಕಥೆ ಹೇಳೋದನ್ನು ಕಲಿಯೋಕೆ ಯು. ಆರ್. ಅನಂತಮೂರ್ತಿ ಅವರ ಕಥೆ ‘ಘಟಶ್ರಾದ್ಧ’ಕ್ಕಿಂತ ಒಳ್ಳೆಯದು ಸಿಗೋದು ಕಷ್ಟ. ಗಿರೀಶ್ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲವೂ ಬಂತು. ವೇದ ಕಲಿಯೋಕೆ ಬಂದ ಪುಟ್ಟ ಹುಡುಗ, ಗುರುಗಳ ಮಗಳು ಯಮುನಕ್ಕ. ವಿಧವೆಯಾದ ಅವಳು ಬಸಿರಾಗಿದ್ದಾಳೆ. ಹುಡುಗನಿಗೆ ಅಗ್ರಹಾರದ ಗುಸುಗುಸು ಪೂರ್ತಿ ಅರ್ಥವಾಗೋದಿಲ್ಲ. ಯಮುನಕ್ಕ ತನ್ನನ್ನು ಅಕ್ಕರೆಯಿಂದ ನೋಡಿಕೊಂಡವಳು ಅನ್ನೋದು ಗೊತ್ತು, ಅವಳು ಕಷ್ಟದಲ್ಲಿದ್ದಾಳೆ ಅನ್ನೋದು ಗೊತ್ತು. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡುತ್ತಾನೆ. ದೊಡ್ಡವರಿಗೆಲ್ಲ ಕಾರಣ ಗೊತ್ತಿದೆ, ಕರುಣೆ ಉಳಿದಿರೋದು ಕಾರಣ ಗೊತ್ತಿಲ್ಲದವನಲ್ಲಿ.

ನೋಟ ಅಂದಾಗ ಎತ್ತರವನ್ನೂ ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್, ಐದು ವರ್ಷದ್ದು ಸುಮಾರು 110. ಮೂರು ವರ್ಷದ ಮಗುವಿಗೆ ಅಡುಗೆಮನೆ ಕಟ್ಟೆಯ ಮೇಲೇನಿದೆ ಅಂತ ಸರಿಯಾಗಿ ಕಾಣೋದಿಲ್ಲ. ಮೇಜಿನ ಅಡಿ, ಸೀರೆಯ ನೆರಿಗೆ, ಕುರ್ಚಿಯ ಕೆಳಗೆ ಒಬ್ಬರ ಕಾಲಿಗೆ ಇನ್ನೊಬ್ಬರ ಕಾಲು ತಾಗಿಸಿಕೊಂಡಿರೋದು, ಇದೆಲ್ಲ ಚೆನ್ನಾಗಿ ಕಾಣುತ್ತದೆ.

## ಸಂಜೆ ಆರಕ್ಕೆ ಮಗು ಎಲ್ಲಿದೆ?

ಇದು ಚಿಕ್ಕ ವಿಷಯ, ಆದರೆ ಮಕ್ಕಳಿರುವ ಓದುಗರು ಮೊದಲು ಹಿಡಿಯೋದು ಇದನ್ನೇ. ನಾಯಕಿ ಸಂಜೆ ಹಳೇ ಗೆಳೆಯನ ಜೊತೆ ಎರಡು ಗಂಟೆ ಕಾಫಿ ಕುಡಿಯುತ್ತಾಳೆ. ಸ್ಕೂಲ್ ವ್ಯಾನ್ ನಾಲ್ಕಕ್ಕೇ ಬಂದಿರುತ್ತದೆ. ಮಗುವನ್ನು ಇಳಿಸಿಕೊಂಡವರು ಯಾರು? ಪಕ್ಕದ ಮನೆ ಆಂಟಿಯಾ, ಅತ್ತೆಯಾ? ಅತ್ತೆಯಾದರೆ ಸೊಸೆ ಎಲ್ಲಿಗೆ ಅಂತ ಹೇಳಿ ಹೋದಳು? ಮಗುವನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ದೊಡ್ಡವರ ಕಥೆಗೇ ಬಿಗಿ ಬರುತ್ತದೆ. ತಪ್ಪಿಸಿಕೊಳ್ಳೋಕೆ ಅಜ್ಜಿ ಮನೆಗೆ ಕಳಿಸಿಬಿಡೋದು ಬಹಳ ಮಂದಿ ಮಾಡುವ ಉಪಾಯ.

## ನಿಜವಾದ ಮಕ್ಕಳಿಂದ ತೆಗೆದುಕೊಳ್ಳುವಾಗ

ಬಸ್ಸಿನಲ್ಲಿ, ಮದುವೆ ಛತ್ರದಲ್ಲಿ, ಅಂಗನವಾಡಿಯ ಮುಂದೆ ಕಿವಿ ತೆರೆದಿಟ್ಟರೆ ಬೇಕಾದಷ್ಟು ಸಿಗುತ್ತದೆ. ಮಕ್ಕಳು ದೊಡ್ಡವರ ಜೊತೆ ಆಡುವ ಮಾತಿಗಿಂತ ಮಕ್ಕಳು ಮಕ್ಕಳೇ ಆಡುವ ಮಾತು ಕೇಳಿ. ಅಲ್ಲಿ ಮುದ್ದು ಕಮ್ಮಿ, ಕಾನೂನು ಜಾಸ್ತಿ. ಆಟಕ್ಕಿಂತ ಆಟದ ನಿಯಮದ ಜಗಳಕ್ಕೇ ಹೆಚ್ಚು ಹೊತ್ತು ಹೋಗುತ್ತದೆ.

ನಿಮ್ಮದೇ ಮನೆಯ ಮಗುವಿನಿಂದ ತೆಗೆದುಕೊಂಡರೆ, ಹಾಸಿಗೆ ಒದ್ದೆ ಮಾಡಿಕೊಂಡದ್ದು, ಶಾಲೆಯಲ್ಲಿ ಅವಮಾನವಾದದ್ದು ಇಂಥವನ್ನು ಗುರುತು ಸಿಗದ ಹಾಗೆ ಬದಲಿಸಬೇಕು. ಅದು ಹದಿಮೂರಕ್ಕೆ ಬಂದಾಗ ಓದುತ್ತದೆ, ಗೆಳೆಯರೂ ಓದುತ್ತಾರೆ. ದೌರ್ಜನ್ಯದ ಕಥೆಯಾದರೆ ಇನ್ನೂ ಎಚ್ಚರ ಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಬಂದ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದ ಒಳಗಿನವರೆಲ್ಲ ಮಕ್ಕಳು. ತೊಂದರೆಗೊಳಗಾದ ಮಗುವಿನ ಹೆಸರು, ವಿಳಾಸ, ಶಾಲೆ, ಮನೆಯವರ ವಿವರ ಮಾಧ್ಯಮದಲ್ಲಿ ಬರೋದನ್ನು ಅದು ತಡೆಯುತ್ತದೆ. ನಡೆದ ಘಟನೆಯೊಂದನ್ನು ಆಧರಿಸಿ ಬರೆಯುವವರು ಹೆಸರೊಂದನ್ನು ಬದಲಿಸಿ ಸುಮ್ಮನಾದರೆ ಚಿಕ್ಕ ಊರಿನಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

## ಇಸವಿ ತಪ್ಪಿದರೆ

ಕಾದಂಬರಿಯಲ್ಲಿ ಮಗುವಿನ ಹುಟ್ಟಿದ ವರ್ಷ ಬರೆದಿಟ್ಟುಕೊಳ್ಳಿ. ಮೊದಲ ಅಧ್ಯಾಯದಲ್ಲಿ ಐದು ವರ್ಷದವಳು ಹತ್ತನೇ ಅಧ್ಯಾಯದಲ್ಲಿ ಒಂಬತ್ತಾಗಿರುತ್ತಾಳೆ. ಅವಳ ಸುಳ್ಳು, ಭಯ, ಮಾತು ಎಲ್ಲ ಬದಲಾಗಿರಬೇಕು. ಐದರಲ್ಲಿ ಗುಮ್ಮನಿಗೆ ಹೆದರಿದವಳು ಒಂಬತ್ತರಲ್ಲಿ ಅಪ್ಪನ ಕೆಲಸ ಹೋಗುತ್ತದಾ ಅಂತ ಹೆದರಬಹುದು.

ಹೊರಗಿನ ಸಂಗತಿಗಳಿಗೂ ಇಸವಿ ಇದೆ. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ನಮ್ಮ ಸರ್ಕಾರಿ ಶಾಲೆಗಳಿಗೆ ಬಿಸಿಯೂಟ ಬಂದದ್ದು 2002-03ರ ಸುಮಾರಿಗೆ, ಎಂಟನೇ ತರಗತಿಗೆ ಸೈಕಲ್ 2006-07ರಲ್ಲಿ, ಕ್ಷೀರಭಾಗ್ಯದ ಹಾಲು 2013ರಲ್ಲಿ. ಹಾಗಾಗಿ 1995ರ ಕಥೆಯ ಹುಡುಗ ಶಾಲೆಯಲ್ಲಿ ಸಾಲಾಗಿ ಕೂತು ಬಿಸಿಯೂಟ ಉಣ್ಣುವಂತಿಲ್ಲ. ಅವನು ಮಧ್ಯಾಹ್ನದ ಬೆಲ್ ಹೊಡೆದ ಕೂಡಲೇ ಮನೆಗೆ ಓಡಬೇಕು, ಉಂಡು ಓಡಿ ಬರಬೇಕು. ಅವನು ಆ ಹೊತ್ತಿಗೆ ಬರುತ್ತಾನೆ ಅನ್ನೋದನ್ನು ಮನೆಯಲ್ಲಿ ಯಾರೋ ಒಬ್ಬರು ಒಂದು ದಿನ ಮರೆತಿದ್ದರೆ, ಕಥೆಗೆ ಬೇಕಾದದ್ದೆಲ್ಲ ಅವನು ಬಾಗಿಲು ತಳ್ಳಿದ ಕೂಡಲೇ ಸಿಗುತ್ತದೆ.